ಕಳೆದ ಬೆಲೆಯೂ ಬರುವ ಬೆಲೆಯೂ

ಕಾರ್ತಿಕ ಮಾಸವು ಕಾಲಿಟ್ಟಿತೆಂದರೆ ನಮ್ಮ ಆದವಾನಿಯ ಸೀಮೆಯಲ್ಲಿ ಇಬ್ಬರು ಸಂಧಿಸಿದೆಡೆ ಕ್ಷೇಮಸಮಾಚಾರದ ಬೆನ್ನಿಗೇ ಬರುವ ಮಾತು ಹತ್ತಿಯ ಧಾರಣೆಯದು. ಮೊನ್ನೆ ಎಷ್ಟಿತ್ತು, ನಿನ್ನೆ ಎಷ್ಟಾಯಿತು, ಈ ಹೊತ್ತು ಎಷ್ಟಕ್ಕೆ ಕೂಗಿದರು ಎಂಬುದನ್ನು ಅಕ್ಷರವರಿಯದ ಮುದುಕರೂ ಬಾಯಿಪಾಠವಾಗಿ ಹೇಳುತ್ತಾರೆ. ಹೇಳಿ, ಕ್ಷಣಕಾಲ ಸುಮ್ಮನಿದ್ದು, 'ಹಂಗಾದ್ರ ನಾಳೆ?' ಎಂದು ಎದುರಿಗಿದ್ದವನ ಮುಖವನ್ನು ನೋಡುತ್ತಾರೆ. ಕಳೆದುದನ್ನು ಕಂಡು ಬರುವುದನ್ನು ಹೇಳಬಹುದೇ ಎಂಬ ಹಳೆಯ ಪ್ರಶ್ನೆಯು ಈ ಒಂದು ಮಾತಿನಲ್ಲಿಯೇ ಅಡಗಿದೆ. ಪ್ರಾಥಮಿಕ ಶಾಲೆಯ ಉಪಾಧ್ಯಾಯನಾದ ನಾನು ಇದನ್ನು ವಿಚಾರಿಸಹೊರಟುದಕ್ಕೆ ಒಂದು ನಿಮಿತ್ತವುಂಟಾಯಿತು. ಅದನ್ನು ಮೊದಲು ಅರಿಕೆ ಮಾಡುತ್ತೇನೆ.

ಒಂದು ಭಾನುವಾರ, ಹಿಂದೆ ನನ್ನ ಬಳಿ ಐದನೆಯ ತರಗತಿಯವರೆಗೆ ಓದಿದ ಹುಡುಗನೊಬ್ಬನು ಮನೆಗೆ ಬಂದನು. ಈಗ ಪದವಿ ಮುಗಿಸಿ ಕೆಲಸಕ್ಕಾಗಿ ಕಾದಿದ್ದಾನೆ. ಹತ್ತಿ ಮಾರಿ ಬಂದ ಹಣದಲ್ಲಿ ಕೊಳವೆ ಬಾವಿಗೆಂದು ಅವನ ತಂದೆ ತೆಗೆದಿರಿಸಿದ ಎರಡು ಲಕ್ಷ ರೂಪಾಯಿ ಅವನ ಖಾತೆಯಲ್ಲಿತ್ತು. ಅದನ್ನು ಷೇರು ಪೇಟೆಯ ವಾಯಿದೆ ವ್ಯಾಪಾರದಲ್ಲಿ ತೊಡಗಿಸಿ ಬೇಸಗೆಯೊಳಗೆ ಇಮ್ಮಡಿ ಮಾಡುವ ಆಸೆ ಅವನದು. ಫೋನನ್ನು ತೆರೆದು, ಕೆಂಪು ಹಸಿರು ಗೆರೆಗಳು ಏರಿಳಿಯುವ ಒಂದು ನಕ್ಷೆಯನ್ನು ತೋರಿಸಿ ಕೇಳಿದನು: "ಮೇಷ್ಟ್ರೇ, ಲೆಕ್ಕ ಕಲಿಸಿದವರು ನೀವು. ಇದರಾಗ ಲೆಕ್ಕ ಐತೋ ಇಲ್ಲೋ, ನೀವೇ ಹೇಳ್ರಿ."

ಮುಂದಿನ ವಾರ ಬಾ ಎಂದು ಹೇಳಿ ಕಳುಹಿಸಿದೆನು. ತಿಳಿಯದ ಕಾರಣದಿಂದ ಮಾತ್ರ ಹಾಗೆ ಹೇಳಿದೆನೆಂದರೆ ಅದು ಪೂರ್ಣ ಸತ್ಯವಾಗದು.

ಆ ಹುಡುಗನು ತೋರಿಸಿದ ವಿದ್ಯೆಗೆ ತಾಂತ್ರಿಕ ವಿಶ್ಲೇಷಣೆಯೆಂದು ಹೆಸರು. ಇದರ ಅನುಯಾಯಿಗಳು ಮೂರು ಮಾತುಗಳನ್ನು ಸೂತ್ರಪ್ರಾಯವಾಗಿ ಹಿಡಿದಿದ್ದಾರೆ. ಒಂದು ಕಂಪೆನಿಯ ಲಾಭನಷ್ಟ, ಮಳೆಬೆಳೆ, ಸರಕಾರದ ನೀತಿ, ಯುದ್ಧ ಶಾಂತಿಗಳೆಲ್ಲವೂ ಬೆಲೆಯಲ್ಲಿಯೇ ಕರಗಿ ಸೇರಿರುವುದರಿಂದ ಬೆಲೆಯೊಂದನ್ನೇ ನೋಡಿದರೆ ಸಾಕು. ಬೆಲೆಯು ಒಂದು ದಿಕ್ಕಿನಲ್ಲಿ ಹೊರಟರೆ ಕೆಲಕಾಲ ಅದೇ ದಿಕ್ಕಿನಲ್ಲಿ ಸಾಗುತ್ತದೆ. ಮನುಷ್ಯನ ಆಸೆ ಅಂಜಿಕೆಗಳು ಎಂದಿಗೂ ಒಂದೇ ಆದುದರಿಂದ ಹಳೆಯ ಆಕೃತಿಗಳು ಮತ್ತೆ ಮತ್ತೆ ಮೂಡುತ್ತವೆ. ಇದು ನಿನ್ನೆ ಹುಟ್ಟಿದ ವಿಚಾರವಲ್ಲ. ಜಪಾನಿನ ಒಸಾಕಾ ನಗರದ ದೋಜಿಮಾ ಎಂಬಲ್ಲಿ ಅಕ್ಕಿಯ ಪೇಟೆಗೆ 1730ರಲ್ಲಿ ಅಲ್ಲಿನ ಸರಕಾರದ ಒಪ್ಪಿಗೆ ದೊರೆಯಿತು. ಕಣ್ಣ ಮುಂದೆ ಇರದ ಅಕ್ಕಿಯನ್ನು ಮುಂದಿನ ದಿನಕ್ಕೆ ಕೊಳ್ಳುವ ಮಾರುವ ವ್ಯವಹಾರವು ಅಲ್ಲಿ ನಡೆಯುತ್ತಿತ್ತು. ಆ ಶತಮಾನದಲ್ಲಿದ್ದ ಹೊಮ್ಮಾ ಮುನೆಹಿಸ ಎಂಬ ಅಕ್ಕಿಯ ವರ್ತಕನನ್ನು ಮೇಣದಬತ್ತಿಯಾಕಾರದ ನಕ್ಷೆಗಳ ಮೂಲಪುರುಷನೆಂದು ಪರಂಪರೆಯು ಹೇಳುತ್ತದೆ. ಅಮೆರಿಕದಲ್ಲಿ ಈ ಮತಕ್ಕೆ ಆಚಾರ್ಯನಾದವನು ಚಾರ್ಲ್ಸ್ ಡೌ. ಇವನು 1889ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯನ್ನು ಹೊರಡಿಸಿದವರಲ್ಲಿ ಒಬ್ಬನು, 1902ರಲ್ಲಿ ತೀರಿಕೊಂಡನು. ಅವನ ಬಿಡಿ ಲೇಖನಗಳಿಂದ ಒಂದು ಸಿದ್ಧಾಂತವನ್ನು ಕಟ್ಟಿದವನು ಅದೇ ಪತ್ರಿಕೆಯ ಸಂಪಾದಕನಾದ ವಿಲಿಯಂ ಹ್ಯಾಮಿಲ್ಟನ್.

ಈ ಹ್ಯಾಮಿಲ್ಟನ್ನನನ್ನು ಪರೀಕ್ಷೆಗೆ ಕೂಡಿಸಿದ ಒಬ್ಬ ಮಹಾಶಯನಿದ್ದನು: ಆಲ್ಫ್ರೆಡ್ ಕೌಲ್ಸ್. ಪೇಟೆಯ ಭವಿಷ್ಯವನ್ನು ಹೇಳುವವರು ನಿಜವಾಗಿ ಹೇಳಬಲ್ಲರೇ ಎಂದು ಕೇಳಿ ಅವನು 1933ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದನು. ಹ್ಯಾಮಿಲ್ಟನ್ನನು 1929ರವರೆಗಿನ ಇಪ್ಪತ್ತಾರು ವರ್ಷಗಳಲ್ಲಿ ಬರೆದ ಸಂಪಾದಕೀಯಗಳನ್ನು ಒಂದೊಂದಾಗಿ ಓದಿ, ಅವುಗಳಂತೆ ನಡೆದವನಿಗೆ ವರ್ಷಕ್ಕೆ ಶೇಕಡಾ 12ರಷ್ಟು ದೊರೆಯುತ್ತಿತ್ತೆಂದೂ, ಏನೂ ಮಾಡದೆ ಷೇರುಗಳನ್ನು ಪೆಟ್ಟಿಗೆಯಲ್ಲಿಟ್ಟು ಮಲಗಿದವನಿಗೆ ಶೇಕಡಾ 15.5ರಷ್ಟು ದೊರೆಯುತ್ತಿತ್ತೆಂದೂ ಲೆಕ್ಕ ತೋರಿಸಿದನು. ಮಲಗಿದವನೇ ಗೆದ್ದನು! ಆದರೆ ಹ್ಯಾಮಿಲ್ಟನ್ನನಿಗೆ ಅನ್ಯಾಯವಾಗಬಾರದು. 1998ರಲ್ಲಿ ಬೇರೆ ಮೂವರು ವಿದ್ವಾಂಸರು ಅದೇ ಸಂಪಾದಕೀಯಗಳನ್ನು ಮತ್ತೆ ತೆಗೆದು, ಅವನ ಮಾತಿನಂತೆ ನಡೆದವನು ಹೊತ್ತ ಅಪಾಯವೂ ಕಡಿಮೆಯಾಗಿತ್ತು, ಅದನ್ನು ಗಣಿಸಿದರೆ ಅವನ ತೀರ್ಪುಗಳು ಅಷ್ಟು ಕೆಟ್ಟವಲ್ಲವೆಂದು ತೋರಿಸಿದರು. ಅರುವತ್ತೈದು ವರ್ಷಗಳ ತರುವಾಯ ಒಬ್ಬನ ಉತ್ತರಪತ್ರಿಕೆಯನ್ನು ಮರುಮೌಲ್ಯಮಾಪನ ಮಾಡಿದಂತಾಯಿತು.

ಕೌಲ್ಸನಿಗಿಂತ ಮೊದಲೇ ಇದರ ಬುಡಕ್ಕೆ ಕೊಡಲಿಯಿಟ್ಟವನು ಫ್ರಾನ್ಸಿನ ಲೂಯಿ ಬಾಶೆಲಿಯೆ. 1900ರಲ್ಲಿ ಪ್ಯಾರಿಸ್ಸಿನಲ್ಲಿ ಅವನು ಒಪ್ಪಿಸಿದ ಪ್ರಬಂಧದ ತಾತ್ಪರ್ಯವಿಷ್ಟು: ಪ್ರತಿಯೊಂದು ವ್ಯವಹಾರದಲ್ಲಿಯೂ ಏರುವುದೆಂದು ಕೊಳ್ಳುವವನೊಬ್ಬನು, ಇಳಿಯುವುದೆಂದು ಮಾರುವವನೊಬ್ಬನು, ಇಬ್ಬರೂ ಒಪ್ಪಿದ ಬೆಲೆಯಲ್ಲಿ ಏರಿಕೆಯ ನಿರೀಕ್ಷೆಯೂ ಇಳಿಕೆಯ ನಿರೀಕ್ಷೆಯೂ ಸರಿತೂಗಿರುತ್ತವೆ, ಆದಕಾರಣ ಮುಂದಿನ ಹೆಜ್ಜೆಯು ಎತ್ತ ಬೀಳುವುದೆಂದು ಹಿಂದಿನ ಹೆಜ್ಜೆಗಳಿಂದ ತಿಳಿಯದು. ಆ ಕಾಲದಲ್ಲಿ ಅದನ್ನು ಹೆಚ್ಚು ಜನ ಗಮನಿಸಲಿಲ್ಲ. 1953ರಲ್ಲಿ ಇಂಗ್ಲೆಂಡಿನ ಮಾರಿಸ್ ಕೆಂಡಲ್ ಎಂಬ ಸಂಖ್ಯಾಶಾಸ್ತ್ರಜ್ಞನು ಬೆಲೆಗಳ ಇಪ್ಪತ್ತೆರಡು ಶ್ರೇಣಿಗಳನ್ನು ಪರೀಕ್ಷಿಸಿದಾಗ, ಚಿಕಾಗೋವಿನ ಗೋಧಿಯೂ ಸೇರಿದಂತೆ ಬಹುಪಾಲು ಬೆಲೆಗಳು ಕುಡುಕನ ನಡಿಗೆಯಂತೆ ಅಲೆಯುತ್ತಿದ್ದುದು ಕಂಡುಬಂತು. 1959ರಲ್ಲಿ ಹ್ಯಾರಿ ರಾಬರ್ಟ್ಸ್ ಎಂಬವನು ಯಾದೃಚ್ಛಿಕ ಸಂಖ್ಯೆಗಳಿಂದಲೇ ನಕ್ಷೆ ಬರೆದು, ಅದು ಪೇಟೆಯ ನಕ್ಷೆಯಂತೆಯೇ ಕಾಣುವುದನ್ನು ತೋರಿಸಿದನು. ನಾಣ್ಯವನ್ನು ಚಿಮ್ಮಿಸಿ ಬರೆದ ಇಂತಹದೇ ನಕ್ಷೆಯೊಂದನ್ನು ಕಂಡು ನಕ್ಷೆಗಳಲ್ಲಿ ನುರಿತ ಗೆಳೆಯನೊಬ್ಬನು 'ಇದನ್ನು ಕೂಡಲೇ ಕೊಳ್ಳಬೇಕು' ಎಂದು ಹಾರಾಡಿದ ಕಥೆಯನ್ನು ಬರ್ಟನ್ ಮಾಲ್ಕಿಯೆಲ್ 1973ರ ತನ್ನ ಪುಸ್ತಕದಲ್ಲಿ ಹೇಳಿದ್ದಾನೆ.

ಇದನ್ನು ಓದಿದ ಮೇಲೆ ನಾನು ಸುಮ್ಮನಿರಲಾರದೆ ನಮ್ಮ ಐದನೆಯ ತರಗತಿಯಲ್ಲಿ ಅದನ್ನೇ ಮಾಡಿಸಿದೆನು. ಮಕ್ಕಳಿಗೆ ಚೌಕಳಿ ಕಾಗದವನ್ನೂ ಒಂದೊಂದು ರೂಪಾಯಿಯ ನಾಣ್ಯವನ್ನೂ ಕೊಟ್ಟು, ಐವತ್ತರಿಂದ ಹೊರಟು, ತಲೆ ಬಿದ್ದರೆ ಒಂದು ಮನೆ ಮೇಲಕ್ಕೆ, ಅಂಕಿ ಬಿದ್ದರೆ ಒಂದು ಮನೆ ಕೆಳಕ್ಕೆ, ಹೀಗೆ ನೂರು ಸಲ ಗೆರೆಯೆಳೆಯಲು ಹೇಳಿದೆನು. ಒಂದು ಗಂಟೆಯಲ್ಲಿ ತರಗತಿಯ ತುಂಬ ಬೆಟ್ಟ ಕಣಿವೆಗಳು ಹುಟ್ಟಿದವು. ಒಬ್ಬಳಿಗೆ ಒಂಟೆಯ ಬೆನ್ನು ಬಂದಿತ್ತು, ಇನ್ನೊಬ್ಬನಿಗೆ ನಮ್ಮ ಊರ ಕೋಟೆಯ ಬೆಟ್ಟವೇ ಬಂದಿತ್ತು. ಒಂದೇ ಮುಖವು ಐದಾರು ಸಲ ಬೆನ್ನುಬೆನ್ನಿಗೆ ಬಿದ್ದುದು ಬಹುತೇಕ ಎಲ್ಲರ ಹಾಳೆಯಲ್ಲಿಯೂ ಇತ್ತು. ನೂರು ಸಲದಲ್ಲಿ ಐದು ಸಲ ಹಾಗೆ ಬೀಳದಿದ್ದರೇ ಆಶ್ಚರ್ಯ. 'ನನ್ನ ನಾಣ್ಯ ಮೇಲಕ್ಕೇ ಹೋಗುತ್ತೆ ಸಾರ್' ಎಂದು ಒಬ್ಬ ಹುಡುಗನು ತನ್ನ ನಾಣ್ಯವನ್ನು ಹಿಂದಿರುಗಿಸಲು ಒಪ್ಪಲಿಲ್ಲ. ನಗು ಬಂದಿತು, ಒಡನೆಯೇ ನಗು ಇಳಿದೂ ಹೋಯಿತು. ಆ ಹುಡುಗನಂತೆಯೇ ನಾನೂ ಒಮ್ಮೆ ಒಂದು ನಾಣ್ಯವನ್ನು ನಂಬಿದ್ದೆನು.

ನಮ್ಮ ಪೂರ್ವಿಕರು ಇದಕ್ಕೆ ಘುಣಾಕ್ಷರ ನ್ಯಾಯವೆಂದು ಹೆಸರಿಟ್ಟಿದ್ದಾರೆ. ಮರವನ್ನು ಕೊರೆಯುವ ಹುಳುವು ತನ್ನ ಹೊಟ್ಟೆಪಾಡಿಗಾಗಿ ಕೊರೆಯುತ್ತ ಹೋಗುತ್ತದೆ. ಎಲ್ಲಿಯೋ ಒಂದೆಡೆ ಆ ಕೊರೆತವು ಅಕ್ಷರದಂತೆ ಕಾಣುತ್ತದೆ. ಹುಳುವಿಗೆ ಅಕ್ಷರ ತಿಳಿಯದು. ಅಕ್ಷರವನ್ನು ಕಲಿತವನ ಕಣ್ಣು ಅದನ್ನು ಓದುತ್ತದೆ. ಇಲ್ಲಿ ನನ್ನ ವೃತ್ತಿಯ ಒಂದು ತಪ್ಪೊಪ್ಪಿಗೆಯನ್ನೂ ಮಾಡಬೇಕು. ಎರಡು, ನಾಲ್ಕು, ಆರು, ಎಂಟು, ಮುಂದೇನು ಎಂದು ನಾವು ಮಕ್ಕಳನ್ನು ಆರನೆಯ ವಯಸ್ಸಿನಿಂದ ಕೇಳುತ್ತೇವೆ; ಹತ್ತು ಎಂದವನಿಗೆ ಬೆನ್ನು ತಟ್ಟುತ್ತೇವೆ. 'ಯಾವುದಾದ್ರೂ ಬರಬಹುದು ಸಾರ್' ಎಂದ ಒಬ್ಬನನ್ನು ನಾನು ಗದರಿಸಿ ಕೂರಿಸಿದ್ದು ನೆನಪಿದೆ. ಸಾಲನ್ನು ಕಂಡರೆ ಸೂತ್ರವಿದ್ದೇ ತೀರಬೇಕೆಂಬ ಹಟವನ್ನು ಮನುಷ್ಯನಲ್ಲಿ ಬಿತ್ತುವುದರಲ್ಲಿ ಶಾಲೆಗೂ ಪಾಲುಂಟು.

ಹಾಗಾದರೆ ಕಳೆದ ಬೆಲೆಯಲ್ಲಿ ಏನೂ ಇಲ್ಲವೆಂದು ತೀರ್ಮಾನಿಸಿ ಮುಗಿಸೋಣವೇ? ವಿಚಾರವು ಅಷ್ಟು ಸುಲಭವಾಗಿ ಮುಗಿಯುವಂತಿಲ್ಲ. 1992ರಲ್ಲಿ ಬ್ರಾಕ್, ಲಕೋನಿಷಾಕ್, ಲೆಬ್ಯಾರನ್ ಎಂಬ ಮೂವರು ಡೌ ಜೋನ್ಸ್ ಸೂಚ್ಯಂಕದ 1897ರಿಂದ 1986ರವರೆಗಿನ ಬೆಲೆಗಳ ಮೇಲೆ ಇಪ್ಪತ್ತಾರು ಸರಳ ನಿಯಮಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಸತ್ತ್ವವಿದೆಯೆಂದು ಕಂಡರು. 1993ರಲ್ಲಿ ಜೆಗದೀಶ್ ಮತ್ತು ಟಿಟ್ಮನ್ ಎಂಬವರು, ಹಿಂದಿನ ಮೂರರಿಂದ ಹನ್ನೆರಡು ತಿಂಗಳುಗಳಲ್ಲಿ ಚೆನ್ನಾಗಿ ಏರಿದ ಷೇರುಗಳು ಮುಂದಿನ ಕೆಲವು ತಿಂಗಳುಗಳಲ್ಲಿಯೂ ಇಳಿದವುಗಳಿಗಿಂತ ಮೇಲಾಗಿ ನಡೆದುದನ್ನು ತೋರಿಸಿದರು. ಇದನ್ನು ಇಂದಿಗೂ ಯಾರೂ ಸುಲಭವಾಗಿ ತಳ್ಳಿಹಾಕಲಾರರು. 2000ದಲ್ಲಿ ಕ್ಯಾರೊಲ್ ಆಸ್ಲರ್ ಎಂಬಾಕೆ ವಿದೇಶಿ ನಾಣ್ಯಗಳ ವಿನಿಮಯದಲ್ಲಿ, ನಕ್ಷೆಕಾರರು ಮುಂಚಿತವಾಗಿ ಸಾರಿದ ಮಟ್ಟಗಳ ಬಳಿ ಬೆಲೆಗಳು ತಡೆದು ನಿಲ್ಲುವುದು ಬೇರೆ ಮಟ್ಟಗಳಿಗಿಂತ ಹೆಚ್ಚೆಂದು ಕಂಡಳು. ಪೇಟೆಯ ಬೆಲೆಯು ಎಲ್ಲವನ್ನೂ ಬಲ್ಲದು ಎಂಬ ವಾದದ ಯೂಜಿನ್ ಫಾಮಾನಿಗೂ, ಪೇಟೆಗೆ ಆಗಾಗ್ಗೆ ಹುಚ್ಚು ಹಿಡಿಯುವುದೆಂಬ ವಾದದ ರಾಬರ್ಟ್ ಷಿಲ್ಲರನಿಗೂ 2013ರಲ್ಲಿ ಒಂದೇ ನೊಬೆಲ್ ಬಹುಮಾನವನ್ನು ಹಂಚಿಕೊಟ್ಟರು. ವಾದಿ ಪ್ರತಿವಾದಿಗಳಿಬ್ಬರಿಗೂ ಶಾಲು ಹೊದಿಸಿದ ಸಭೆಯನ್ನು ನಮ್ಮ ಕಡೆ ನಾನು ಕಂಡಿಲ್ಲ.

ಈ ಎರಡನ್ನೂ ಒಟ್ಟಿಗೆ ಹೇಗೆ ಗ್ರಹಿಸಬೇಕು? ನನಗೆ ಇಲ್ಲಿ ನೆರವಾದುದು ನಮ್ಮ ತರ್ಕಶಾಸ್ತ್ರವೇ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ಎಲ್ಲರೂ ಬಲ್ಲ ಅನುಮಾನ. ನೀನು ಕಂಡ ಅಡಿಗೆಮನೆಗಳಲ್ಲಿ ಹಾಗಿದ್ದರೆ ಕಾಣದ ಬೆಟ್ಟದಲ್ಲಿಯೂ ಹಾಗೆಯೇ ಇರಬೇಕೆಂದು ಯಾರು ಹೇಳಿದರು ಎಂದು ಚಾರ್ವಾಕನು ಕೇಳಿದನು. ನೈಯಾಯಿಕರು ಅವನಿಗೆ ಉತ್ತರ ಕೊಡುತ್ತ ಕೊಡುತ್ತ ಉಪಾಧಿಯೆಂಬ ಒಂದು ಸೂಕ್ಷ್ಮವಾದ ವಿಚಾರವನ್ನು ಬೆಳೆಸಿದರು. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು. ಬೆಂಕಿಯಿಂದ ಹೊಗೆಯನ್ನು ಊಹಿಸಲಾಗದು. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆ ಏಳಬೇಕಾದರೆ ಹಸಿ ಸೌದೆ ಬೇಕು. ಆ ಹಸಿ ಸೌದೆಯೇ ಉಪಾಧಿ. ಅದನ್ನು ನೋಡದೆ ಊಹಿಸಿದವನು ಹತ್ತು ಸಲ ಗೆದ್ದು ಹನ್ನೊಂದನೆಯ ಸಲ ಸೋಲುತ್ತಾನೆ.

ಬೆಲೆಯ ನಿಯಮಗಳೂ ಹೀಗೆಯೇ ಉಪಾಧಿಯುಳ್ಳವು. ಏರಿದ್ದು ಇನ್ನಷ್ಟು ಏರುವುದು ಯಾವಾಗ? ಸುದ್ದಿಯು ನಿಧಾನವಾಗಿ ಹರಡುತ್ತಿರುವಾಗ, ಒಬ್ಬರನ್ನು ನೋಡಿ ಒಬ್ಬರು ನುಗ್ಗುತ್ತಿರುವಾಗ. ಆ ಸೌದೆ ಒಣಗಿದರೆ ಹೊಗೆಯೂ ಇಲ್ಲ. 2009ರ ವಸಂತದಲ್ಲಿ ಅಮೆರಿಕದ ಪೇಟೆಯು ಪಾತಾಳದಿಂದ ಎದ್ದಾಗ, ಅದುವರೆಗೆ ನೆಲ ಕಚ್ಚಿದ್ದ ಷೇರುಗಳೇ ನೆಗೆದವು. ಗೆದ್ದೆತ್ತಿನ ಬಾಲವನ್ನು ಹಿಡಿದವರು ಕೆಲವೇ ತಿಂಗಳುಗಳಲ್ಲಿ ವರ್ಷಗಳ ಗಳಿಕೆಯನ್ನು ಕಳೆದುಕೊಂಡರು. ನಾಣ್ಯಗಳ ವಿನಿಮಯದಲ್ಲಿ ಬೆಲೆ ತಡೆದು ನಿಲ್ಲುವುದಕ್ಕೂ ಗೂಢವೇನಿಲ್ಲ. ಜನರು ದುಂಡು ಸಂಖ್ಯೆಗಳ ಬಳಿ ತಮ್ಮ ಆಜ್ಞೆಗಳನ್ನು ಗುಂಪಾಗಿ ಇಟ್ಟಿರುತ್ತಾರೆ. ಇನ್ನು 1992ರ ಆ ನಿಯಮಗಳನ್ನು 1999ರಲ್ಲಿ ಬೇರೆಯವರು ಏಳು ಸಾವಿರಕ್ಕೂ ಮೀರಿದ ನಿಯಮಗಳ ರಾಶಿಯಲ್ಲಿಟ್ಟು ಮತ್ತೆ ಪರೀಕ್ಷಿಸಿದಾಗ, ಹಳೆಯ ನೂರು ವರ್ಷಗಳಲ್ಲಿ ಅತ್ಯುತ್ತಮವಾಗಿದ್ದ ನಿಯಮವು 1986ರ ಮುಂದಿನ ಹತ್ತು ವರ್ಷಗಳಲ್ಲಿ ಕೈಕೊಟ್ಟಿತ್ತು.

ಬೆಟ್ಟದ ಹೊಗೆಗೂ ಪೇಟೆಯ ಬೆಲೆಗೂ ಇನ್ನೊಂದು ಭೇದವಿದೆ. ನನ್ನ ಮಟ್ಟಿಗೆ ಇದೇ ಮುಖ್ಯವಾದುದು. ನಾನು ನೋಡುತ್ತಿದ್ದೇನೆಂದು ಹೊಗೆಗೆ ತಿಳಿಯದು. ಬೆಲೆಗೆ ತಿಳಿಯುತ್ತದೆ. ಮಂಗಳವಾರ ಏರುವುದೆಂದು ಎಲ್ಲರಿಗೂ ಗೊತ್ತಾದರೆ ಎಲ್ಲರೂ ಸೋಮವಾರವೇ ಕೊಳ್ಳುತ್ತಾರೆ. ಏರಿಕೆಯು ಸೋಮವಾರವೇ ಆಗಿಹೋಗಿ ಮಂಗಳವಾರವು ಬರಿದಾಗುತ್ತದೆ. ಎಂದ ಮೇಲೆ ಈ ವಿದ್ಯೆಯು, ಇದ್ದರೂ, ಬಚ್ಚಿಟ್ಟಾಗ ಮಾತ್ರ ಇರುವ ವಿದ್ಯೆ. ನಾನು ಕಲಿಸುವ ಮಗ್ಗಿಯು ಮೂವತ್ತು ಮಕ್ಕಳಿಗೆ ಬಂದರೂ ನನ್ನ ಮಗ್ಗಿ ಸವೆಯುವುದಿಲ್ಲ. ಇದು ಹಾಗಲ್ಲ, ಎರಡನೆಯವನಿಗೆ ಹೇಳಿದೊಡನೆ ಮೊದಲನೆಯವನಲ್ಲಿ ಸವೆಯುತ್ತದೆ. ಹೀಗಿರಲು, ನಿಜವಾಗಿ ಅದನ್ನು ಬಲ್ಲವನು ಐದು ಸಾವಿರ ರೂಪಾಯಿ ಶುಲ್ಕಕ್ಕೆ ಊರೂರಿನ ಹುಡುಗರನ್ನು ಕೂಡಿಸಿ ಕಲಿಸುತ್ತಾನೆಯೇ? ಉಪಾಧ್ಯಾಯನಾದವನಿಗೆ ಇಲ್ಲಿ ಅಸಹ್ಯವೆನಿಸದಿರದು. ನಿಯಂತ್ರಣ ಸಂಸ್ಥೆಯಾದ ಸೆಬಿಯು 2025ರ ಜನವರಿಯಲ್ಲಿ, ಪೇಟೆಯ ಪಾಠ ಹೇಳುವವರು ಹಿಂದಿನ ಮೂರು ತಿಂಗಳ ಬೆಲೆಗಳನ್ನು ಪಾಠದಲ್ಲಿ ಬಳಸಕೂಡದೆಂದು ಆಜ್ಞೆ ಮಾಡಿತು. ಹಳಸಿದ ಬೆಲೆಯಿಂದ ಯಾರಿಗೂ ಕೇಡಿಲ್ಲವೆಂದು ತಾನೇ ಇದರ ಅರ್ಥ!

ಹಣದ ಮಾತಿಗೆ ಬರೋಣ. ವಾಯಿದೆ ವ್ಯಾಪಾರದಲ್ಲಿ ಒಬ್ಬನ ಗಳಿಕೆಯು ಇನ್ನೊಬ್ಬನ ನಷ್ಟ. ನಡುವೆ ದಲ್ಲಾಳಿಯ ಪಾಲೂ ತೆರಿಗೆಯೂ ಕಳೆಯುತ್ತವೆ. ಎಲ್ಲರೂ ಸೇರಿ ಗೆಲ್ಲುವುದು ಅಂಕಗಣಿತಕ್ಕೆ ಸಮ್ಮತವಲ್ಲ. ಸೆಬಿಯು 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2021–22ರಿಂದ 2023–24ರವರೆಗಿನ ಮೂರು ವರ್ಷಗಳಲ್ಲಿ ಈ ವ್ಯಾಪಾರ ಮಾಡಿದ ಒಂದು ಕೋಟಿಗೂ ಮಿಕ್ಕ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ನಷ್ಟಹೊಂದಿದರು. ತಲೆಗೆ ಸರಾಸರಿ ಎರಡು ಲಕ್ಷದಷ್ಟು, ಒಟ್ಟು 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಖರ್ಚು ಕಳೆದು ಒಂದು ಲಕ್ಷಕ್ಕಿಂತ ಹೆಚ್ಚು ಲಾಭ ಕಂಡವರು ನೂರಕ್ಕೆ ಒಬ್ಬರು ಮಾತ್ರ. ದೊಡ್ಡ ಸಂಸ್ಥೆಗಳು ಗಳಿಸಿದ ಲಾಭದಲ್ಲಿ ಶೇಕಡಾ 95ಕ್ಕೂ ಮೇಲ್ಪಟ್ಟ ಭಾಗವು ಗಣಕಯಂತ್ರಗಳು ತಾವೇ ನಡೆಸಿದ ವ್ಯವಹಾರದಿಂದ ಬಂದುದು. ಕಳೆದ ಬೆಲೆಯಲ್ಲಿ ಏನಾದರೂ ಉಳಿದಿದ್ದರೆ ಅದನ್ನು ಹೆಕ್ಕಿ ತೆಗೆಯುವುದು ಆ ಯಂತ್ರಗಳೇ ಹೊರತು ಬಸ್ಸಿನ ನಿಲ್ದಾಣದಲ್ಲಿ ಫೋನು ಹಿಡಿದ ನಮ್ಮ ಹುಡುಗನಲ್ಲ.

ಗೆದ್ದವರ ಉದಾಹರಣೆಗಳನ್ನು ತೋರಿಸುವವರಿಗೆ ಒಂದು ಚಿಕ್ಕ ಲೆಕ್ಕ. ಒಂದು ಕೋಟಿ ಜನ ನಾಣ್ಯ ಚಿಮ್ಮಿಸಿ ವ್ಯಾಪಾರ ಮಾಡಲಿ. ಪ್ರತಿ ಸಲವೂ ಅರ್ಧದಷ್ಟು ಮಂದಿ ಗೆಲ್ಲಲಿ. ಹತ್ತು ಸಲವೂ ಬಿಡದೆ ಗೆದ್ದವರು ಎಷ್ಟು ಮಂದಿ ಉಳಿಯುವರು? ಸುಮಾರು 9,765 ಮಂದಿ. ಇವರಲ್ಲಿ ಒಬ್ಬೊಬ್ಬನಿಗೂ ತಾನು ಸೂತ್ರವನ್ನು ಕಂಡುಕೊಂಡೆನೆಂಬ ನಂಬಿಕೆ ಪ್ರಾಮಾಣಿಕವಾಗಿಯೇ ಇರುವುದು. ಸುಳ್ಳನ್ನು ಹೇಳುತ್ತಿಲ್ಲ; ಆದರೂ ಅವನು ಹೇಳುತ್ತಿರುವುದು ನಿಜವಲ್ಲ. ಅರಿವಿಲ್ಲದೆ ಗೆದ್ದವನು ಮತ್ತೊಬ್ಬನಿಗೆ ದಾರಿ ತೋರಿದರೆ ಅದರ ಪಾಪಪುಣ್ಯ ಯಾರದು ಎಂಬುದನ್ನು ನಾನು ಬಹಳ ಯೋಚಿಸಿದ್ದೇನೆ. ತನ್ನ ಗೆಲುವನ್ನು ಪರೀಕ್ಷಿಸದೆ ಬೋಧಿಸಿದ ಮಟ್ಟಿಗೆ ಅವನು ದೋಷಿಯೇ ಎಂದು ನನ್ನ ಅಭಿಪ್ರಾಯ. ಅರಿಯೆನೆಂದು ಹೇಳಲು ಅವನಿಗೆ ಎಡೆಯಿತ್ತು.

ನಮ್ಮ ಮಾರುಕಟ್ಟೆಯಲ್ಲಿ ಹತ್ತಿ ಕೊಳ್ಳುವ ಹಳೆಯ ವರ್ತಕರೊಬ್ಬರನ್ನು ಈ ವಿಚಾರವಾಗಿ ಕೇಳಿದೆನು. ಅವರು ರಾಶಿಯೊಳಗಿನಿಂದ ಒಂದು ಹಿಡಿ ಅರಳೆಯನ್ನು ಕಿತ್ತು, ಎರಡು ಬೆರಳುಗಳ ನಡುವೆ ಎಳೆದೆಳೆದು ಎಳೆಯ ಉದ್ದವನ್ನು ನೋಡಿ, ತೇವವಿದೆಯೇ ಎಂದು ಅಂಗೈಯಲ್ಲಿ ಒತ್ತಿ, 'ಮೊದಲು ಇದು, ಆಮೇಲೆ ಧಾರಣೆ' ಎಂದರು. ಹಳೆಯ ಧಾರಣೆಯನ್ನು ಅವರು ನೋಡುವುದಿಲ್ಲವೆಂದಲ್ಲ. ಇಪ್ಪತ್ತು ವರ್ಷಗಳ ಧಾರಣೆ ಅವರ ಪುಸ್ತಕದಲ್ಲಿದೆ. ನೋಡುವುದು ಎಷ್ಟು ಇಳಿದರೆ ತಾನು ತಾಳಬಲ್ಲೆನು ಎಂದು ತಿಳಿಯುವುದಕ್ಕೆ, ಎಷ್ಟು ಏರುವುದೆಂದು ತಿಳಿಯುವುದಕ್ಕಲ್ಲ. ಕಳೆದ ಬೆಲೆಗೆ ಇಷ್ಟು ಉಪಯೋಗವನ್ನು ನಾನೂ ಒಪ್ಪುತ್ತೇನೆ. ಅಲೆ ಎಷ್ಟು ಎತ್ತರ ಏಳಬಲ್ಲುದೆಂಬುದನ್ನು ಅದು ಹೇಳೀತು. ಮುಂದಿನ ಅಲೆ ಎತ್ತಣಿಂದ ಬರುವುದೆಂಬುದನ್ನು ಹೇಳದು.

ಹುಡುಗನು ಮಾತಿನಂತೆ ಮುಂದಿನ ಭಾನುವಾರ ಬಂದನು. ಮೇಜಿನ ಮೇಲೆ ಮೂರು ಹಾಳೆಗಳನ್ನಿಟ್ಟು, ಇವುಗಳಲ್ಲಿ ನಮ್ಮ ಮಾರುಕಟ್ಟೆಯ ಹತ್ತಿಯ ಧಾರಣೆ ಯಾವುದೆಂದು ಕೇಳಿದೆನು. ಎರಡು ನನ್ನ ತರಗತಿಯ ಮಕ್ಕಳ ನಾಣ್ಯದವು. ಅವನು ಬಹಳ ಹೊತ್ತು ನೋಡಿ, ಒಂಟೆಯ ಬೆನ್ನಿನ ಹುಡುಗಿಯ ಹಾಳೆಯನ್ನು ಎತ್ತಿಕೊಂಡು, ಎರಡು ಹೆಗಲು ಒಂದು ತಲೆ ಸ್ಪಷ್ಟವಾಗಿವೆ, ಇನ್ನು ಇಳಿಯಬೇಕು ಎಂದನು. ನಾನಾಗಿದ್ದರೂ ಅದನ್ನೇ ಎತ್ತಿಕೊಳ್ಳುತ್ತಿದ್ದೆನು. ವಿಷಯವನ್ನು ತಿಳಿಸಿದಾಗ ನಕ್ಕನು, ಆದರೆ ಒಪ್ಪಿದಂತೆ ತೋರಲಿಲ್ಲ. ಸೆಬಿಯ ಲೆಕ್ಕವನ್ನೂ ಹೇಳಿದೆನು. ನೂರಕ್ಕೆ ಏಳು ಮಂದಿ ಗೆದ್ದಿದ್ದಾರಲ್ಲ ಮೇಷ್ಟ್ರೇ ಎಂದನು. ಆ ವಯಸ್ಸಿನಲ್ಲಿ ಯಾರೂ ತಮ್ಮನ್ನು ತೊಂಬತ್ತಮೂರರಲ್ಲಿ ಎಣಿಸಿಕೊಳ್ಳುವುದಿಲ್ಲ. ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ನಾನೂ ಎಣಿಸಿಕೊಂಡಿರಲಿಲ್ಲ.

ಕಡೆಗೆ ಎದ್ದುಹೋಗಿ, ಮನೆಯಲ್ಲಿ ಯಾರಿಗೂ ತೋರಿಸದೆ ಹಳೆಯ ಪಠ್ಯಪುಸ್ತಕಗಳ ಕೆಳಗೆ ಇಟ್ಟಿದ್ದ ನನ್ನ ಎರಡು ವರ್ಷಗಳ ಹಿಂದಿನ ನೋಟುಪುಸ್ತಕವನ್ನು ತಂದು ಅವನ ಮುಂದಿಟ್ಟೆನು. ಅದರ ತುಂಬ ನನ್ನ ಕೈಯಾರೆ ಬರೆದ ನಕ್ಷೆಗಳು. ಮೊದಲ ಐದು ವ್ಯವಹಾರಗಳ ಲಾಭವನ್ನು ಕೆಂಪು ಶಾಯಿಯಲ್ಲಿ ದುಂಡಗೆ ಬರೆದಿದ್ದೇನೆ. ಒಂದೊಂದರ ಮುಂದೆಯೂ ಮಕ್ಕಳ ಪುಸ್ತಕದಲ್ಲಿ ಹಾಕುವ ಸರಿ ಗುರುತು. ಆರನೆಯದರಿಂದ ಮುಂದೆ ಪುಟಗಳು ಖಾಲಿಯಾಗಿವೆ. ಅವನು ಒಂದೊಂದೇ ಪುಟವನ್ನು ತಿರುವಿ ಕೊನೆಯವರೆಗೂ ಹೋಗಿ, ಮತ್ತೆ ಹಿಂದಕ್ಕೆ ಬಂದು ಕೇಳಿದನು:

"ಆಮ್ಯಾಲ ಏನಾತು ಮೇಷ್ಟ್ರೇ?"

ಮೂವತ್ತೆಂಟು ಸಾವಿರ ಎಂದೆನು. ನನ್ನ ಹೆಂಡತಿಯು ಬಾಗಿಲಲ್ಲಿ ಚಹದ ಲೋಟಗಳನ್ನು ಹಿಡಿದು ನಿಂತಿದ್ದಳು.